ಕಪಾಟಿಗೆ ಗೊತ್ತಿದ್ದ ದನಿ

"ದನಿ ಗುರುತಾಗಲಿಲ್ಲ. ಇನ್ನೊಂದೇ ಅವಕಾಶ," ಎಂದಿತು ಗೋಡೆಯೊಳಗಿನ ಮದ್ದಿನ ಕಪಾಟು.

ತಿಂಕಾರ ಅದರ ಗುಂಡಿಯ ಮೇಲಿಂದ ಬೆರಳು ತೆಗೆದಳು. ಅಡಿಗೆಮನೆಯ ನೆಲದ ಮೇಲೆ ಗಂಡ ಯೆರ್ನೆಯ್ ಗೋಡೆಗೊರಗಿ ಕೂತಿದ್ದ. ಹುಟ್ಟಿದಾಗಿನಿಂದ ಜೇನಿನ ನಡುವೆ ಬೆಳೆದವನಿಗೆ ಇವತ್ತು ಒಂದೇ ಹುಳದ ವಿಷ ಮೈಗೇರಿತ್ತು. ತುಟಿ ಊದಿ ನೀಲಿಗಟ್ಟಿತ್ತು, ಉಸಿರು ಸೀಟಿ ಹೊಡೆಯುತ್ತಿತ್ತು. ಚುಚ್ಚುಮದ್ದು ಕಪಾಟಿನೊಳಗೇ ಇತ್ತು. ಗುಂಡಿ ಒತ್ತಿ ಹತ್ತಿರದಿಂದ ಏನು ಮಾತಾಡಿದರೂ ಸರಿ, ದನಿ ಮಾತ್ರ ಈ ಇಬ್ಬರಲ್ಲಿ ಒಬ್ಬರದಾಗಿರಬೇಕು. ಅವನ ನಾಲಿಗೆ ಹೊರಳುತ್ತಿರಲಿಲ್ಲ, ಇವಳ ದನಿ ನಡುಗುತ್ತಿತ್ತು. ಆಂಬುಲೆನ್ಸ್ ಇನ್ನೂ ಬೋಹಿನ್ ಸರೋವರದ ಆಚೆ ದಡದಲ್ಲಿತ್ತು.

"ಗಂಟಲು ಸರಿಮಾಡ್ಕೊಂಡು ಹೇಳೇ," ಎಂದಳು ಅತ್ತೆ ಮಾರ್ಯೆತಾ.

"ಹೇಳಿದ್ನಲ್ಲ ಅತ್ತೆ. ನಾನು ನಾನೇ ಅಂತ ಅದಕ್ಕೆ ನಂಬಿಕೆ ಬರ್ತಿಲ್ಲ."

"ಕೊಡಲಿ ತರ್ಲಾ?"

"ಉಕ್ಕು ಅದು. ಕೊಡಲಿ ಮುರಿಯುತ್ತೆ ಅಷ್ಟೆ."

ಈ ಸಲವೂ ತಪ್ಪಿದರೆ ನಾಳೆಯವರೆಗೆ ಬೀಗ. ತಿಂಕಾರ ಮತ್ತೆ ಗುಂಡಿ ಒತ್ತಿ ಹಿಡಿದಳು. ಬಾಯಿ ತೆರೆಯಲು ಧೈರ್ಯ ಬರಲಿಲ್ಲ. ಮುದುಕಿ ಮಗನ ತುಟಿಯನ್ನೇ ನೋಡಿದಳು. ಆಮೇಲೆ ಎದ್ದು ಮೊಳೆಗೆ ತಗುಲಿಸಿದ್ದ ಕಪ್ಪು ಶಿರವಸ್ತ್ರ ಕಟ್ಟಿ, ಬೂಟು ಮೆಟ್ಟಿಕೊಂಡು ಹಿತ್ತಿಲ ಬಾಗಿಲಿಗೆ ನಡೆದಳು.

"ಜೇನುಗೂಡುಗಳ ಹತ್ರ ಹೋಗ್ತೀನಿ. ಯಜಮಾನ ಹೋದ ಅಂತ ತಟ್ಟಿ ಹೇಳ್ಬೇಕು. ಇವನಪ್ಪ ಹೋದಾಗ ತಡಮಾಡಿದ್ವಿ, ಅರ್ಧಕ್ಕರ್ಧ ಜೇನೂ ತೀರಿಕೊಂಡ್ವು."

"ಯಾರು ಹೋದದ್ದು?" ತಿಂಕಾರ ಗುಂಡಿ ಬಿಡದೆಯೇ ಕತ್ತು ತಿರುಗಿಸಿದಳು. "ಕಣ್ಣು ಕಾಣಲ್ವಾ ನಿಮಗೆ? ಉಸಿರಾಡ್ತಾ ಕೂತಿರೋ ಮಗನ ಸಾವಿನ ಸುದ್ದಿ ಹುಳಕ್ಕೆ ಹೇಳೋಕೆ ಹೊರಟ್ರಾ? ಒರೆಸಿದ ನೆಲದ ಮೇಲೆ ಬೂಟು ಬೇರೆ! ಸುಮ್ನೆ ಕೂತ್ಕೊಳ್ಳಿ ಅಲ್ಲಿ."

"ನಮಸ್ಕಾರ, ತಿಂಕಾರ," ಎಂದಿತು ಕಪಾಟು. ಬಾಗಿಲು ತೆರೆಯಿತು.

ತೊಡೆಗೆ ಚುಚ್ಚಿ ಸ್ವಲ್ಪ ಹೊತ್ತಿಗೆ ಸೀಟಿ ತಗ್ಗಿತು. ಯೆರ್ನೆಯ್ ಕಣ್ಣು ತೆರೆದ. ಮುದುಕಿ ಶಿರವಸ್ತ್ರವನ್ನು ಮೊಳೆಗೇ ತಗುಲಿಸಿದಳು.

"ಕಪಾಟಿಗೆ ನಿಮ್ಮಿಬ್ರ ದನಿ ತುಂಬೋಕೆ ಬಂದವನು ಮನೇಲಿ ಮಾತಾಡೋ ಹಾಗೇ ಮಾತಾಡಿ ಅಂದಿದ್ದ," ಎಂದಳು. "ಅವತ್ತೂ ನೀನು ಬೂಟಿನ ವಿಷಯಕ್ಕೇ ಬೈತಿದ್ದೆ, ಇವನಿಗೆ."

ಕಪಾಟು ತಾನಾಗಿ ಮುಚ್ಚಿಕೊಂಡಿತ್ತು. ಇನ್ನೊಂದು ಚುಚ್ಚುಮದ್ದನ್ನು ಕೈಗೆ ಸಿಗುವಂತೆ ತೆಗೆದಿಡೋಣವೆಂದು ತಿಂಕಾರ ಗುಂಡಿ ಒತ್ತಿದಳು. ನೋಟ ಮಾತ್ರ ಗಂಡನ ಮೇಲಿತ್ತು.

"ನೀನಿಲ್ದೆ ನಂಗಾಗಲ್ಲ ಕಣೋ," ಎಂದಳು ಮೆಲ್ಲಗೆ.

"ದನಿ ಗುರುತಾಗಲಿಲ್ಲ," ಎಂದಿತು ಕಪಾಟು.