ಕಡಲಗಾಳಿಗೆ ಉಬ್ಬಿದ ಕೋಟು

ಮರುದಿನವೇ ಪ್ರದರ್ಶನ. ‘ಅಪ್ಪನ ಕಡಲು’ ಎಂಬ ಹೆಸರಿನಲ್ಲಿ ಗಂಡಸರ ಉಡುಪುಗಳ ಹೊಸ ಸಂಗ್ರಹ ತಂದಿದ್ದ ವಿನ್ಯಾಸಕ, ತನಗೆ ಸ್ಫೂರ್ತಿ ಕೊಟ್ಟ ಹಳೆಯ ಫೋಟೋವನ್ನು ಗೋಡೆಯಷ್ಟು ದೊಡ್ಡದು ಮಾಡಿಸಿ, ಅದರ ಮುಂದೆ ತಾಯಿಯನ್ನು ಕೂರಿಸಿದ. ಫೋಟೋದಲ್ಲಿ ಅಲೆಗಳು, ತೆಂಗಿನಮರ, ಉಬ್ಬಿದ ಕೋಟಿನಲ್ಲಿ ಅಪ್ಪ, ಅಮ್ಮನ ಸೊಂಟದ ಮೇಲೆ ಅವನು.

“ನಾಳೆ ಪತ್ರಿಕೆಯವರು ಕೇಳ್ತಾರಮ್ಮ. ಬೇಸಿಗೆ ರಜಕ್ಕೆ ಸಮುದ್ರಕ್ಕೆ ಹೋಗ್ತಿದ್ದಿದ್ದನ್ನ ಹೇಳು. ಆ ಉಪ್ಪಿನ ವಾಸನೆ ಇನ್ನೂ ನನ್ನ ಮೂಗಲ್ಲಿದೆ. ಗಾಳಿಗೆ ಕೋಟು ಹೇಗೆ ಉಬ್ಬಿದೆ ನೋಡು! ಆ ಉಬ್ಬು ಬರಿಸೋಕೆ ಮಾಸ್ಟರ್ ಕೈಲಿ ಎಷ್ಟು ಸಲ ಹೊಲಿಗೆ ಬಿಚ್ಚಿಸಿದೀನಿ ಗೊತ್ತಾ?”

ಮೂಲೆಯಲ್ಲಿದ್ದ ಟೈಲರ್ ಮಾಸ್ಟರ್ ನಿಟ್ಟುಸಿರು ಬಿಟ್ಟ.

“ಯಾವ ಸಮುದ್ರನೋ?” ಎಂದರು ತಾಯಿ. “ಇದು ನಮ್ಮೂರ ಬಸ್‌ಸ್ಟ್ಯಾಂಡ್ ಪಕ್ಕದ ಸ್ಟುಡಿಯೋ. ಹಿಂದಿರೋದು ಚಿತ್ರ ಬರೆದ ಪರದೆ. ಕೋಟೂ ಸ್ಟುಡಿಯೋದ್ದೇ, ಫೋಟೋ ತೆಗೆಸೋರೆಲ್ಲ ಅದನ್ನೇ ಹಾಕ್ಕೊಳ್ಳೋರು. ದಪ್ಪಗಿರೋರಿಗೂ ಆಗ್ಲಿ ಅಂತ ಬೆನ್ನು ಉದ್ದಕ್ಕೂ ಸೀಳಿಟ್ಟಿದ್ರು. ನಿಮ್ಮಪ್ಪ ಕಡ್ಡಿ ಥರ ಇದ್ರಲ್ಲ, ಮುಂದೆ ಹಾಗೆ ಉಬ್ಕೊಂಡಿದೆ.”

“ಹಾಗಾದ್ರೆ ಆ ಉಪ್ಪಿನ ವಾಸನೆ?”

“ಬೆವರು ಕಣೋ. ಊರೋರೆಲ್ಲ ಹಾಕ್ತಿದ್ದ ಕೋಟು, ಯಾರು ಒಗೀತಿದ್ರು?”

ಅವನು ಫೋಟೋದ ಹತ್ತಿರ ಹೋಗಿ ಅಪ್ಪನ ಕೋಟಿನ ಅಂಚನ್ನು ಬೆರಳಿನಿಂದ ಸವರಿದ. ಪ್ರದರ್ಶನ ನಿಂತೇಹೋಯಿತೆಂದುಕೊಂಡು ಟೈಲರ್ ಟೇಪು ಸುತ್ತಿಟ್ಟ.

“ಮಾಸ್ಟರ್, ಎಲ್ಲಾ ಕೋಟುಗಳ ಬೆನ್ನೂ ಸೀಳಿಬಿಡಿ, ಕಡಲಗಾಳಿ ಆಡೋಕೆ ಅಂತ ಹೇಳೋಣ,” ಎಂದ ವಿನ್ಯಾಸಕ. “ಅಮ್ಮಾ, ನಾಳೆ ನಿಂಗ್ಯಾಕೆ ತೊಂದರೆ, ಮನೇಲೇ ಇರು.”