ಬೆಸುಗೆಯ ಮಗ್ಗುಲು

ಒತ್ತುವ ಯಂತ್ರದಡಿ, ಮಾಲಿನ ಪರೀಕ್ಷೆ ನೋಡಿಕೊಳ್ಳುವ ನಾದಿನಿ ಇಟ್ಟಿದ್ದ ಉಕ್ಕಿನ ಪೈಪಿನ ತುಂಡನ್ನು, ಕಾರ್ಖಾನೆಯ ಯಜಮಾನನಾದ ಭಾವ ಕಾಲು ಸುತ್ತು ತಿರುಗಿಸಿಬಿಟ್ಟ. ಪಕ್ಕದಲ್ಲಿದ್ದ ಬೆಸುಗೆಯ ಗೆರೆ ನೆತ್ತಿಗೆ ಬಂತು. ಪೈಪನ್ನು ಒತ್ತಿ ಚಪ್ಪಟೆ ಮಾಡುವಾಗ ಪಕ್ಕದಲ್ಲಿದ್ದರೆ ಬಾಗುವ ಕಷ್ಟವೆಲ್ಲ ಬೆಸುಗೆಯ ಪಾಲಿಗೆ. ನೆತ್ತಿಯಲ್ಲಿದ್ದರೆ ಅದು ಸುಖವಾಗಿ ಪಾರಾಗುತ್ತದೆ.

“ಏನ್ ಭಾವ, ಪರೀಕ್ಷೆ ಮಾಡ್ತಿದ್ದೀರೋ, ಬೆಸುಗೆಗೆ ಜೋಗುಳ ಹಾಡ್ತಿದ್ದೀರೋ?”

“ನೀನೇ ಎಳೆದು ನೋಡಿದ್ಯಲ್ಲಮ್ಮ, ಬೇಕಾದ್ದಕ್ಕಿಂತ ಗಟ್ಟಿಯಾಗೇ ಇದೆ. ಇನ್ನೇನು ನಿಂದು?”

“ಆ ಗಟ್ಟಿತನವೇ ರೋಗ. ಈ ಸಲದ ಉಕ್ಕಲ್ಲಿ ಕಾರ್ಬನ್ ಜಾಸ್ತಿ ಅಂತ ಬಡ್ಕೊಂಡೆ. ಎಳೆದ್ರೆ ತಡೆಯುತ್ತೆ, ಬಗ್ಗಿಸಿದ್ರೆ ಗಾಜಿನ ಹಾಗೆ ಒಡೆಯುತ್ತೆ. ಆಸ್ಪತ್ರೆಯ ಬಾಯ್ಲರಿನ ಹಬೆ ಇದರೊಳಗೆ ಹೋಗೋದು. ಅಲ್ಲಿ ಪಕ್ಕದಲ್ಲಿ ನಿಲ್ಲೋನೂ ಒಬ್ಬರ ಮನೆ ಮಗ ತಾನೇ?”

“ಇದೇ ಮಾಲು ಲಾರಿ ತುಂಬಿ ನಿಂತಿದೆ. ಮಿಕ್ಕಿದ್ದು ದೇವರು ನೋಡ್ಕೊಳ್ತಾನೆ, ಬಿಡು.”

ಅವಳ ಮೈಯೆಲ್ಲ ಉರಿದುಹೋಯಿತು. ತಾನು ಬೆಳಗ್ಗೆ ಕೈಮುಗಿದು ಬಂದ ದೇವರನ್ನು ಇಂಥ ಕೆಲಸಕ್ಕೆ ಜಾಮೀನಿಗೆ ಕರೆಯುವುದೇ!

“ದೇವರು ನೋಡ್ತಾನೆ ಭಾವ. ನೋಡ್ಕೋಬೇಕಾದವರು ನಾವು!” ಎಂದವಳೇ ತುಂಡನ್ನು ಹಿಂದಕ್ಕೆ ತಿರುಗಿಸಿ, ಬೆಸುಗೆಯನ್ನು ಪಕ್ಕಕ್ಕೆ ತಂದು, ಯಂತ್ರದ ಹಿಡಿಯನ್ನು ಒತ್ತಿದಳು.

ಪೈಪು ಅರ್ಧ ಚಪ್ಪಟೆಯಾಗುವ ಮೊದಲೇ ಬೆಸುಗೆ ಟಪ್ಪೆಂದು ಬಿರಿಯಿತು. ಭಾವ ಮೊದಲು ನೋಡಿದ್ದು ಬಿರುಕನ್ನಲ್ಲ, ಸದ್ದು ಯಾರಿಗಾದರೂ ಕೇಳಿತೇ ಎಂದು ಬಾಗಿಲ ಕಡೆಗೆ. ಅಷ್ಟರಲ್ಲಿ ಅವಳು, ಕೆಟ್ಟ ಮಾಲಿಗೆ ಬಳಿಯುವ ಕೆಂಪು ಬಣ್ಣದ ಡಬ್ಬಿ ಹಿಡಿದು, ಅದೇ ಬಾಗಿಲು ದಾಟಿ ಲಾರಿ ಹತ್ತುತ್ತಿದ್ದಳು.