ಬಕ್ಕಪ್ಪನ ಹಾರೆ

ಹದಿಮೂರನೆಯ ದಿನದ ಊಟ ಉಂಡು ಬೀಗರೆಲ್ಲ ಬಸ್ಸು ಹತ್ತಿದ ಮರುದಿನ ಬೆಳಿಗ್ಗೆ ಧನಶ್ರೀ ಚಹಾ ಕುಡಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಂಗಳದಲ್ಲಿ ತಗ್ಗು ತೋಡತೊಡಗಿದಳು. ಗೋಡೆಯ ಪಕ್ಕ ಕರಿ ಪ್ಲಾಸ್ಟಿಕ್ ಚೀಲಗಳಲ್ಲಿ ಐದು ಸಸಿಗಳಿದ್ದವು: ಒಂದು ಕಸಿ ಮಾವು, ಒಂದು ಅಂಜೂರ, ಮೂರು ಕವಳಿಹಣ್ಣಿನ ಗಿಡ. ಗಂಡ ಸಂಜೀವಕುಮಾರ ಮಾಣಿಕನಗರದಿಂದ ಆಟೊದಲ್ಲಿ ತಂದು ಇಳಿಸಿದ್ದ. ಮರುದಿನ ಎದೆ ಹಿಡಿದುಕೊಂಡು ಕುಳಿತವನು ಏಳಲಿಲ್ಲ. ಆಮೇಲೆ ಸಸಿಗಳ ನೆನಪು ಯಾರಿಗೂ ಬರಲಿಲ್ಲ. ಆದರೂ ಒಣಗಿರಲಿಲ್ಲ. ಮಣ್ಣಿಗೆ ಬಂದವರೆಲ್ಲ ಅಲ್ಲೇ ಕೈಕಾಲು ತೊಳೆದಿದ್ದರು. ಅವನ ಕೆಲಸಕ್ಕೆ ಹುಮನಾಬಾದಿನ ಜನ ಕೈಜೋಡಿಸಿದ್ದು ಅದೊಂದೇ ಸಲ.

ಅತ್ತೆ ಸುಮನಬಾಯಿ ಹೊಸ್ತಿಲಲ್ಲಿ ನಿಂತು ನೋಡಿದಳು. "ಏನ್ ಮಾಡಾಕತ್ತಿ? ಗಂಡ ಹೋದಾಕಿ ಹಣ್ಣಿನ ಗಿಡ ಹಚ್ಚಬಾರದು. ಫಲ ಹಿಡಿಯಂಗಿಲ್ಲ."

"ಹಿತ್ತಲದಾಗಿನ ಪೇರಲ ಯಾರು ಹಚ್ಯಾರ, ಅತ್ತಿ?"

"ನಾನೇ."

"ಯಾವಾಗ?"

ಸುಮನಬಾಯಿ ಹಿತ್ತಲ ಕಡೆ ಕತ್ತು ತಿರುಗಿಸಿದಳು. "ನಿಮ್ಮ ಮಾವ ಹೋದ ಮರುವರ್ಷ. ಅದಕ್ಕೇ ನೋಡು, ಹಣ್ಣಿನ ತುಂಬ ಹುಳ."

"ಹುಳ ಗಂಡ ಇದ್ದಾಕಿ ಪೇರಲದಾಗೂ ಇರ್ತಾವ."

ಅತ್ತೆ ಸೋತಂತೆ ಕಾಣಲಿಲ್ಲ. ಒಳಗೆ ಸೊಸೆಯ ಎರಡು ಟ್ರಂಕುಗಳನ್ನು ತುಂಬಿಟ್ಟು ಬಂದಿದ್ದವಳು ಅವಳೇ. "ಮಧ್ಯಾಹ್ನ ನಿಮ್ಮಣ್ಣ ಕಲ್ಯಾಣದಿಂದ ಗಾಡಿ ತರ್ತಾನ. ತವರಿಗೆ ಹೋಗಾಕಿ ಗಿಡ ಯಾಕ ಹಚ್ತಿ?"

"ಹೋಗ್ತೀನಿ ಅಂತ ನಾ ಹೇಳಿನೇನು?"

"ಇರ್ತೀನಿ ಅಂತನೂ ಹೇಳಿಲ್ಲ. ನಾ ಹ್ಯಾಂಗ ಕೇಳ್ಲಿ?"

ಧನಶ್ರೀ ತೋಡುತ್ತಲೇ ಇದ್ದಳು. ಮೂರನೆಯ ತಗ್ಗಿನಲ್ಲಿ ಹಾರೆಗೆ ಏನೋ ಮೆತ್ತಗೆ ತಾಗಿತು. ಕೈಹಾಕಿ ಎಳೆದಳು. ಕರಿ ಚೀಲ; ಒಳಗೆ ಒಣಗಿದ ನಿಂಬೆ ಗಿಡದ ಬುಡ. ಎರಡು ವರ್ಷದ ಹಿಂದೆ ಸಂಜೀವಕುಮಾರ ಅದನ್ನು ಚೀಲದ ಸಮೇತ ಹುಗಿದು, ಗಿಡ ಸತ್ತ ಮೇಲೆ ನರ್ಸರಿಯವನಿಗೆ ಆರು ತಿಂಗಳು ಬೈದಿದ್ದ. ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ ಹೆಂಡತಿ ಆಗ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಅವನು ಅವಳನ್ನು ಒಂದು ಮಾತೂ ಕೇಳಿರಲಿಲ್ಲ. ಧನಶ್ರೀಗೆ ನಗು ಬಂತು. ಇಷ್ಟು ದಿನ ಅಳುವೂ ಬಂದಿರದ ಮುಖದಲ್ಲಿ ಅದು ಎಲ್ಲಿಂದ ಬಂತೋ, ನಿಲ್ಲಲೇ ಇಲ್ಲ.

ಸುಮನಬಾಯಿ ಹತ್ತಿರ ಬಂದು ಚೀಲವನ್ನು ತಿರುಗಿಸಿ ನೋಡಿದಳು. "ಅಷ್ಟು ಸಾಲಿ ಕಲ್ತ, ಚೀಲ ಬಿಚ್ಚೂದೊಂದು ಕಲೀಲಿಲ್ಲ ನನ್ನ ಮಗ." ಮೂಗು ಒರೆಸಿಕೊಂಡಳು. ಒಳಗೆ ಹೋಗಿ ಕಾಯಿಪಲ್ಯ ಹೆಚ್ಚುವ ಚಾಕು ತಂದು, ಸಸಿಗಳ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಒಂದೊಂದೇ ಚೀಲ ಸೀಳತೊಡಗಿದಳು.

ಹನ್ನೆರಡಕ್ಕೆ ಐದೂ ಗಿಡ ನೆಲದಲ್ಲಿದ್ದವು. ಧನಶ್ರೀ ಹಾರೆ ತೊಳೆದು ಹೆಗಲ ಮೇಲಿಟ್ಟುಕೊಂಡು ಪಕ್ಕದ ಮನೆಯ ಬಕ್ಕಪ್ಪನಲ್ಲಿಗೆ ಹೋದಳು. ಎರಡು ದಿನಕ್ಕೆಂದು ಸಂಜೀವಕುಮಾರ ಅದನ್ನು ಅವನಿಂದ ಕೇಳಿ ತಂದು ಒಂಬತ್ತು ತಿಂಗಳಾಗಿತ್ತು. ಬಕ್ಕಪ್ಪ ಸಮಾಧಾನ ಹೇಳಲು ಬಂದಾಗಲೆಲ್ಲ ಅರ್ಧ ದುಃಖ ಅವಳ ಕಡೆ, ಅರ್ಧ ಹಾರೆಯ ಕಡೆ ಇರುತ್ತಿತ್ತು.

"ಏನ್ ಅವಸರ ಇತ್ತವ್ವಾ?" ಎಂದ ಬಕ್ಕಪ್ಪ. ಮಾತಿಗಿಂತ ಮೊದಲೇ ಕೈ ಚಾಚಿದ್ದ.

"ಅವರು ಒಯ್ದದ್ದು ಮುಟ್ಟಿತಲ್ರಿ, ಕಾಕಾ? ಈಗ ನನಗ ನಿಮ್ಮ ನೀರಿನ ಪೈಪು ಬೇಕು."

ಓಣಿಯಲ್ಲಿ ಅಣ್ಣನ ಗಾಡಿಯ ಹಾರ್ನ್ ಕೇಳಿಸಿತು. ಬಕ್ಕಪ್ಪ ಹಾರೆಯನ್ನು ಎದೆಗೊತ್ತಿಕೊಂಡು ಅನುಮಾನದಿಂದ ನೋಡಿದ. "ಎಷ್ಟ ದಿನಕ್ಕ?"

"ಕಸಿ ಮಾವು ಅದರಿ," ಎಂದಳು ಧನಶ್ರೀ. "ಫಲ ಕೊಡಾಕ ನಾಕು ವರ್ಷ ಹಿಡೀತದ."